ರೂಟರಿಗೆ ಹಚ್ಚಿದ ಗಂಧ

ಬಾಗಿಲು ತೆರೆದ ಧೃತಿಯ ಎದೆ ಧಸಕ್ಕೆಂದಿತು. ಎದುರಿಗೆ ವಸಿಷ್ಠ!

ಹನುಮಂತನಗರದ ಧೃತಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಮೇಷ್ಟ್ರು. ಆಯುಧಪೂಜೆಯ ಹಿಂದಿನ ಸಂಜೆ, ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದವಳನ್ನು ನಿಲ್ಲಿಸಿ, "ನನ್ನ ಮದುವೆ ಆಗ್ತೀರಾ?" ಎಂದು ನೇರವಾಗಿ ಕೇಳಿದ್ದವನು.

"ಹಬ್ಬ ಮುಗೀಲಿ, ಹೇಳ್ತೀನಿ," ಎಂದು ಇವಳು ಕೆಳಗೆ ಓಡಿ ಬಂದಿದ್ದಳು.

ಹಬ್ಬ ಮುಗಿಯಿತು. ಉತ್ತರ ಕೇಳಬೇಕಾದವನೇ ಮುಖ ತಪ್ಪಿಸಿಕೊಂಡು ಓಡಾಡತೊಡಗಿದ. ಈಗ ಬಿಟಿಎಂ ಬಡಾವಣೆಯಲ್ಲಿ ಮನೆ ನೋಡಿದ್ದಾನಂತೆ, ನಾಳೆಯೇ ಖಾಲಿ ಮಾಡುತ್ತಾನಂತೆ.

ಅವತ್ತು ಕೇಳಿದ್ದು ಬರೀ ತಮಾಷೆಗಾ, ಎಂದುಕೊಂಡಳು.

"ಅಂಕಲ್ ಕರೆದ್ರು. ವೈಫೈ ನೋಡ್ಬೇಕಂತೆ," ಎಂದ, ಅವಳ ಮುಖ ನೋಡದೆ.

"ಬಾಪ್ಪಾ," ಒಳಗಿನಿಂದ ಅವಳ ಅಪ್ಪ ಶಾಮಣ್ಣ ಕೂಗಿದರು. "ಹಬ್ಬದ ದಿನದಿಂದ ನೆಟ್ ಸತ್ತೋಗಿದೆ. ಹಳೇ ಡಬ್ಬ, ಹೊಸದು ತರೋಣ ಅಂದ್ರೆ ನಿಮ್ಮ ಆಂಟಿ ಬಿಡಲ್ಲ."

ವಸಿಷ್ಠ ಗಕ್ಕನೆ ನಿಂತ. ಎರಡೂ ಮನೆಗೆ ಅದೊಂದೇ ವೈಫೈ.

"ನಿಮಗೂ ಬರ್ತಿಲ್ವಾ?"

"ಯಾರಿಗೂ ಇಲ್ಲಪ್ಪ."

ಅವನ ಮುಖದ ಬಣ್ಣವೇ ಬದಲಾಯಿತು. ಧೃತಿಗೆ ತಲೆಬುಡ ತಿಳಿಯಲಿಲ್ಲ.

ಟೀವಿ ಪಕ್ಕದಲ್ಲಿ ರೂಟರು ಮೈತುಂಬ ಗಂಧ ಕುಂಕುಮ ಮೆತ್ತಿಕೊಂಡು ಕೂತಿತ್ತು. ಅಮ್ಮ ಸೀತಾಲಕ್ಷ್ಮಿಯವರ ಭಕ್ತಿಯೆಂದರೆ ಅಂಥದ್ದು. ಮಿಕ್ಸಿ, ಸ್ಕೂಟರು, ಕೊನೆಗೆ ಕರೆಗಂಟೆಗೂ ಆಯುಧಪೂಜೆ ತಪ್ಪದು. ರೂಟರಿನ ದೀಪಗಳು ಹತ್ತುತ್ತಿದ್ದವು, ಒಮ್ಮೆಲೇ ಆರುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ವಸಿಷ್ಠ ವೈರು ಬಿಗಿದ, ಅಡಾಪ್ಟರ್ ಬದಲಿಸಿದ. ಊಹೂಂ. ಹಿಂಬದಿ ತಿರುಗಿಸಿದವನು ನಕ್ಕೇಬಿಟ್ಟ.

"ಆಂಟಿ, ರೀಸೆಟ್ ಬಟನ್‌ಗೇ ಗಂಧ ಇಟ್ಟಿದ್ದೀರ. ಒಣಗಿ, ಬಟನ್ ಒಳಗೇ ಅಂಟ್ಕೊಂಡಿದೆ. ಪಾಪ, ಇದು ಎದ್ದಾಗೆಲ್ಲ ತನ್ನ ಹೆಸರು, ಪಾಸ್‌ವರ್ಡ್ ಎಲ್ಲಾ ಮರೆತು ಮತ್ತೆ ಮಲಗ್ತಿದೆ."

"ಅಯ್ಯೋ, ಗುಂಡಗಿದೆ, ಬೊಟ್ಟಿಡೋಕೇ ಜಾಗ ಬಿಟ್ಟಿದ್ದಾರೆ ಅಂದ್ಕೊಂಡೆ ಕಣಪ್ಪ," ಎನ್ನುತ್ತಾ ಅವರು ಕಾಫಿ ಮಾಡಲು ಎದ್ದರು. ಶಾಮಣ್ಣನವರೂ ನಗುತ್ತಾ ಹಿಂದೆ ಹೋದರು.

ಒದ್ದೆ ಬಟ್ಟೆಯಿಂದ ಗಂಧ ಒರೆಸುತ್ತಾ ವಸಿಷ್ಠ ಮೆಲ್ಲಗೆ ಹೇಳಿದ.

"ಹಬ್ಬದ ದಿನ ನನ್ನ ಫೋನಲ್ಲಿ ನಿಮ್ಮ ವೈಫೈ ಹೆಸರೇ ಮಾಯ ಆಯ್ತು. ನನಗೆ ಸಿಗಬಾರದು ಅಂತ ನೀವೇ ಬದಲಾಯಿಸಿದ್ರಿ... ಅದೇ ನಿಮ್ಮ ಉತ್ತರ ಅಂದ್ಕೊಂಡೆ."

ನೆಟ್ಟಗೆ ಬಾಯಿಬಿಟ್ಟು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಪಾಠ ಹೇಳುವವರು ಯಾರು?

"ವೈಫೈ ಕಿತ್ಕೊಂಡು ಉತ್ತರ ಕೊಡೋಳಾ ನಾನು? ಬಾಯಿಲ್ವಾ ನನಗೆ?" ಧೃತಿಯ ಕಣ್ಣು ತುಂಬಿತು. "ನೀವು ಮಾತು ಬಿಟ್ರಿ. ನಾನು ಬೇಡವಾದೆ ಅಂತ ಎಷ್ಟು ಅತ್ತಿದ್ದೀನಿ ಗೊತ್ತಾ?"

"ತಪ್ಪಾಯ್ತು ಧೃತಿ. ಕೇಳೋಕೆ ಭಯ ಆಯ್ತು."

ಬಟನ್ ಟಕ್ಕೆಂದು ಹೊರಗೆ ಬಂತು. ದೀಪಗಳು ಈ ಸಲ ಆರಲಿಲ್ಲ. ಅವನು ಹಳೆಯ ಹೆಸರನ್ನೇ ಮತ್ತೆ ಹಾಕಿದ. ಒಳಗೆ ಶಾಮಣ್ಣನವರ ಫೋನು ಬಾಕಿಯಿದ್ದ ಮೆಸೇಜುಗಳನ್ನೆಲ್ಲ ಒಟ್ಟಿಗೆ ಒದರತೊಡಗಿತು. ಧೃತಿಗೆ ಅಳುವಿನ ನಡುವೆಯೇ ನಗು ಬಂತು.

"ಬಿಟಿಎಂನವರಿಗೆ ಮನೆ ಬೇಡ ಅಂತ ಹೇಳ್ಬಿಡಿ."

"ಅಂದ್ರೆ..."

"ಅಂದ್ರೆ, ಒಳಗೆ ಹೋಗಿ ಅಪ್ಪನ್ನ ಕೇಳಿ. ಕಾಫಿ ಕುಡಿಯೋವಾಗ ಅವರು ಯಾವುದಕ್ಕೂ ಇಲ್ಲ ಅನ್ನಲ್ಲ."

ವಸಿಷ್ಠ ಎರಡು ಹೆಜ್ಜೆ ಇಟ್ಟು ನಿಂತ. "ನೀವಿನ್ನೂ ಹೂಂ ಅಂದಿಲ್ಲ."

"ಅವತ್ತೇ ಅಂದಿದ್ದೆ," ಎಂದಳು ಧೃತಿ, ಕಣ್ಣೊರೆಸಿಕೊಳ್ಳುತ್ತಾ. "ಮೆಟ್ಟಿಲಿಳಿಯೋವಾಗ. ನಿಮಗೆ ಕೇಳಿಸ್ಲಿಲ್ಲ ಅಷ್ಟೇ."