ನಲವತ್ತೊಂದನೆಯ ಇಲಿ

"ಏಳನೇತ್ತೆ ದಾಟದವನ ಕೈಯಾಗ ಇಲಿ ಕೊಟ್ರ ಹಿಂಗ ಆಗೂದು. ಇವಗ ಇಲಿಗೂ ಹೆಗ್ಗಣಕ್ಕೂ ಫರಕ ಗೊತ್ತಿಲ್ಲ" ಎಂದು ಪ್ರಯೋಗಾಲಯದ ಮುಖ್ಯಸ್ಥ ಡಾ. ಜಾಲಿಹಾಳರು ಪರಿಶೀಲನಾ ಸಮಿತಿಯ ಐವರ ಎದುರಿಗೇ ಅಂದರು. ಐವರೂ ನಕ್ಕರು. ಏಳನೇ ತರಗತಿಗೇ ಶಾಲೆ ಬಿಟ್ಟು ಇಲಿಮನೆ ನೋಡಿಕೊಳ್ಳುತ್ತಿದ್ದ ಫಕ್ಕೀರಪ್ಪನ ಕಿವಿ ಕಾದ ಹಂಚಾಯಿತು.

ಧಾರವಾಡದ ಆ ಪ್ರಯೋಗಾಲಯಕ್ಕೆ ಹೊಸದಾಗಿ ಬಂದಿದ್ದ ಯಂತ್ರದ ಹೆಸರು ಚಿತ್ರದರ್ಶಿ ಸೂಜಿ. ಮೊದಲು ಇಲಿಯ ಕ್ಯಾನ್ಸರ್ ಗಡ್ಡೆಯೊಳಗೆ ಔಷಧ ಚುಚ್ಚುವುದು ಕೈಕೆಲಸವಾಗಿತ್ತು. ಕೈ ನಡುಗಿದರೆ ಔಷಧ ಹೊರಗೆ ಸೋರುತ್ತಿತ್ತು. ಸೋತದ್ದು ಔಷಧವೋ ಕೈಯೋ ತಿಳಿಯುತ್ತಿರಲಿಲ್ಲ. ಈ ಯಂತ್ರ ಧ್ವನಿತರಂಗಗಳಿಂದ ಚರ್ಮದೊಳಗಿನ ಚಿತ್ರ ತೆಗೆದು, ಗಡ್ಡೆಯ ನಟ್ಟನಡುವನ್ನು ಹುಡುಕಿ, ಉಕ್ಕಿನ ತೋಳಿನಿಂದ ಕೂದಲೆಳೆಯಷ್ಟೂ ತಪ್ಪದೆ ಚುಚ್ಚುತ್ತಿತ್ತು. ಹದಿನೈದು ದಿನದ ಹಿಂದೆ ನಲವತ್ತು ಇಲಿಗಳಿಗೆ ಚುಚ್ಚಿತ್ತು. ಇವತ್ತು ಎರಡನೆಯ ಸರದಿ. ಆದರೆ ಯಾವ ಇಲಿಯನ್ನಿಟ್ಟರೂ ಅದರದ್ದು ಒಂದೇ ಮಾತು: "ಗುರಿ ಇಲ್ಲ." ಹನ್ನೆರಡನೆಯ ಇಲಿಗೂ ಅದೇ.

"ಗಡ್ಡಿ ಇದ್ದ ಇಲಿ ಎಲ್ಲಾ ಸತ್ತಾವ. ಅಂಗಡಿಯಿಂದ ಬ್ಯಾರೆ ತಂದು ತುಂಬ್ಯಾನ" ಎಂದ ಜಾಲಿಹಾಳರು ಫಕ್ಕೀರಪ್ಪನ ಕಡೆ ತಿರುಗಿದರು. "ನಾಳೆಯಿಂದ ಬರಬ್ಯಾಡೋ ನೀ."

"ಸರ, ಅವೇ ಇಲಿ ಅದಾವ್ರಿ. ಗಡ್ಡಿ ಕರಗ್ಯಾವ. ಕಿವ್ಯಾಗ ನಾ ಹಾಕಿದ ಗುರುತಿನ ತೂತು ನೋಡ್ರಿ."

"ತೂತು ಹಾಕೋ ಚಿಮಟಾನೂ ನಿನ್ನ ಕಿಸೇದಾಗ ಇರ್ತದಲ್ಲಾ."

ಫಕ್ಕೀರಪ್ಪ ಒಂದು ಇಲಿಯನ್ನೂ ಬದಲಿಸಿರಲಿಲ್ಲ. ಕಡಲೆಯಷ್ಟಿದ್ದ ಗಡ್ಡೆ ಸಾಸಿವೆಯಾಗಿ, ಕೊನೆಗೆ ಏನೂ ಇಲ್ಲದಂತಾದದ್ದನ್ನು ದಿನಾ ಬೆರಳಿನಿಂದ ತಡವಿ ದಪ್ತರದಲ್ಲಿ ಬರೆದಿದ್ದ. ಔಷಧ ಗೆದ್ದಿತ್ತು. ಗೆದ್ದ ಸುದ್ದಿ ಏಳನೇತ್ತೆಯವನ ಅಕ್ಷರದಲ್ಲಿದ್ದುದರಿಂದ ಯಾರೂ ಓದಿರಲಿಲ್ಲ, ಅಷ್ಟೇ.

"ಯಂತ್ರನೇ ಕೆಟ್ಟಿರಬಹುದಲ್ರೀ?" ಎಂದರು ಸಮಿತಿಯ ಹಿರಿಯ ಹೆಣ್ಣುಮಗಳೊಬ್ಬರು.

ಜಾಲಿಹಾಳರು ಹೆತ್ತ ಮಗನನ್ನು ಬೈದರೂ ತಡೆದುಕೊಳ್ಳುತ್ತಿದ್ದರು, ಯಂತ್ರವನ್ನು ಬೈದರೆ ಇಲ್ಲ. "ಕೆಟ್ಟಿಲ್ರೀ ಮೇಡಮ್. ರೋಗ ಇಲ್ಲದ ಮೈ ಇಟ್ರ ಮುಟ್ಟೂದೂ ಇಲ್ಲ. ನೋಡ್ರಿ ಬೇಕಾದ್ರ" ಎಂದವರೇ ಅಂಗಿಯ ತೋಳು ಮಡಚಿ ಮುಂಗೈಯನ್ನು ಯಂತ್ರದಡಿಯ ಇಲಿಯ ಹಾಸಿಗೆಯ ಮೇಲಿಟ್ಟರು.

ಆ ಮುಂಗೈಯಲ್ಲಿ ಹುಣಸೆಬೀಜದಷ್ಟು ದೊಡ್ಡ ಕೊಬ್ಬಿನ ಗಂಟೊಂದು ಹತ್ತು ವರ್ಷದಿಂದ ಸುಖವಾಗಿತ್ತು. ಯಂತ್ರಕ್ಕೆ ಗಂಟು ಎಂದರೇನೆಂದು ಕಲಿಸಿದ್ದರು. ಇಲಿ ಎಂದರೇನೆಂದು ಯಾರೂ ಕಲಿಸಿರಲಿಲ್ಲ.

"ಗುರಿ ಸಿಕ್ಕಿದೆ" ಎಂದಿತು ಯಂತ್ರ. ಜಾಲಿಹಾಳರು ಕೈ ಎಳೆದುಕೊಳ್ಳುವಷ್ಟರಲ್ಲಿ ಔಷಧ ಪೂರ್ತಿ ಒಳಗೆ. ಪರದೆಯ ಮೇಲೆ ಅಕ್ಷರ ಮೂಡಿತು: "ಇಲಿ ಸಂಖ್ಯೆ ನಲವತ್ತೊಂದು. ದಯವಿಟ್ಟು ಬಾಲದ ಉದ್ದ ನಮೂದಿಸಿ."

ಸಮಿತಿಯವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಚಹಾಕ್ಕೆ ಹೊರಟರು. ಜಾಲಿಹಾಳರಿಗೆ ನಗು ಬರಲಿಲ್ಲ. ಆ ಔಷಧ ಮನುಷ್ಯನ ಮೈ ಸೇರಿದ್ದು ಇದೇ ಮೊದಲು. ಆ ನಲವತ್ತು ಇಲಿ ಬದುಕಿದ್ದರೆ ತಾವೂ ಬದುಕಿಯಾರು. ಅವೆಲ್ಲ ಸತ್ತಿವೆ ಎಂದು ಈಗಷ್ಟೇ ಐದು ಜನರ ಮುಂದೆ ಸಾಧಿಸಿದವರು ತಾವೇ.

ಕೈಚೀಲ ಹಿಡಿದು ಹೊರಟಿದ್ದ ಫಕ್ಕೀರಪ್ಪನನ್ನು ಅವರು ಬಾಗಿಲಲ್ಲಿ ತಡೆದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಫಕ್ಕೀರಪ್ಪ... ಫಕ್ಕೀರಪ್ಪನವ್ರ. ಖರೇ ಹೇಳ್ರಿ. ಅವೇ ಇಲಿ ಹೌದಲ್ಲ? ಒಂದೂ ಸತ್ತಿಲ್ಲಲ್ಲ?"

ಐವರ ಮುಂದೆ ಬೈಗುಳ, ಒಬ್ಬನೇ ಇದ್ದಾಗ ಬಹುವಚನ. ಫಕ್ಕೀರಪ್ಪ ಅವರ ಮುಂಗೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. ಗಂಟು ತಡವುವವನಂತೆ ಬೆರಳು ಮುಂದೆ ತಂದು, ನಾಳೆಯಿಂದ ಬರಬೇಡ ಎಂದದ್ದು ನೆನಪಾಗಿ ಹಿಂದೆ ತೆಗೆದುಕೊಂಡ. ಆಮೇಲೆ ಮೆಟ್ಟಿಲಿಳಿದು, ತಿರುಗಿಯೂ ನೋಡದೆ ಗೇಟಿನ ಕಡೆ ನಡೆದುಬಿಟ್ಟ.