ಉತ್ತರ ಬರುವ ಮೊದಲೇ

ಮಧ್ಯಾಹ್ನ ಫೋನ್ ಬಂದಾಗ ಅವಳು ಬೆಳಗಿನಿಂದ ಒಂದೇ ಆಟ ಆಡಿ ಆಡಿ ಸೋತು, ಮೇಜಿನ ಮೇಲೆ ತಲೆಯಿಟ್ಟಿದ್ದಳು. ಮೊಬೈಲ್ ಆಟಗಳನ್ನು ಪರೀಕ್ಷಿಸುವುದೇ ಅವಳ ನೌಕರಿ. ಆಫೀಸಿನಲ್ಲಿ ಅವಳಿಗೆ ಹೆಬ್ಬೆಟ್ಟು ಎಂದೇ ಹೆಸರು. ಎರಡು ಡಿಗ್ರಿ ಪಡೆದವಳಿಗೆ ಇದೂ ಒಂದು ಯೋಗ.

"ನಿನ್ನ ಪಕ್ಕದ ಸೀಟಿನವನ ತಾಯಿ ಕಣಮ್ಮ. ಮದುವೆಗೆ ನೀನು ಒಪ್ಪಿದೆ ಅಂತ ಮಗ ಹೇಳಿದ. ನನ್ನ ತಂಗಿಗೂ ಹೇಳಿಬಿಟ್ಟೆ."

ಒಪ್ಪಿದ್ದು ಯಾವಾಗ? ಅವನು ಕೇಳಿದ್ದಾದರೂ ಯಾವಾಗ? ಏನೋ ಹೇಳಿ ಫೋನಿಟ್ಟು ಪಕ್ಕಕ್ಕೆ ನೋಡಿದಳು. ಆ ಆಟದ ನೆಟ್‌ವರ್ಕ್ ಕೆಲಸ ನೋಡಿಕೊಳ್ಳುವ ಅವನು ಆಕಳಿಸುತ್ತಾ ಕೀಬೋರ್ಡ್ ಕುಟ್ಟುತ್ತಿದ್ದ. ಆಟದ ಬಿಡುಗಡೆಯ ದಿನ ಹತ್ತಿರವಾಗಿ ಇಬ್ಬರೂ ವಾರಗಟ್ಟಲೆ ನಿದ್ದೆಗೆಟ್ಟಿದ್ದರು. ಅವನ ಕಣ್ಣ ಕೆಳಗಿನ ಕಪ್ಪು ಕೂಡ ಅವಳಿಗೆ ಇಷ್ಟವಾಗಿತ್ತು, ಹಾಳಾಗಲಿ.

"ನಿಮ್ಮಮ್ಮ ಫೋನ್ ಮಾಡಿದ್ರು."

ಅವನು ಅವಳ ಮುಖ ನೋಡಿದ, ಆಮೇಲೆ ಕಿಟಕಿ ನೋಡಿದ, ಮತ್ತೆ ಕದ್ದು ಅವಳ ಮುಖವನ್ನೇ ನೋಡಿದ.

"ಬೇರೆ ಹುಡುಗಿ ನೋಡ್ತೀನಿ ಅಂತ ಪೀಡಿಸ್ತಿದ್ರು. ನೀನು ಹೂಂ ಅಂತೀಯ ಅನ್ನಿಸ್ತು, ಹೇಳಿಬಿಟ್ಟೆ."

"ಆಟದಲ್ಲಿ ಮಾಡೋ ಹಾಗೇನಾ?"

ಆಟದಲ್ಲಿ ಅವನು ಮಾಡಿದ್ದು ಅದನ್ನೇ. ಬೆರಳು ಒತ್ತಿದ್ದು ಸರ್ವರ್ ತಲುಪಿ ಉತ್ತರ ಬರಲು ತಡವಾಗುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಆಡುವವರಿಗೆ ಇರುವುದಿಲ್ಲ. ಹಾಗಾಗಿ ಉತ್ತರ ಇಂಥದ್ದೇ ಎಂದು ಊಹಿಸಿ, ಪರದೆಯ ಮೇಲಿನ ಬೊಂಬೆಯನ್ನು ಮೊದಲೇ ಹಾರಿಸಿಬಿಡುತ್ತಿದ್ದ. ಊಹೆ ತಪ್ಪಿದರೆ ಹಾರಿದ ಬೊಂಬೆಯನ್ನು ಹಿಂದಕ್ಕೆಳೆದು ನಿಲ್ಲಿಸಬೇಕು. ಆ ಜಗ್ಗಾಟ ಎಷ್ಟು ಕೆಟ್ಟದ್ದೆಂದು ದಿನವೂ ಅನುಭವಿಸುವವಳು ಅವಳೇ.

"ನನ್ನ ಊಹೆ ತಪ್ಪಾ?" ಅವನು ಕೀಬೋರ್ಡ್ ಪಕ್ಕಕ್ಕೆ ಸರಿಸಿದ.

"ಸರಿಯಾಗಿದ್ರೂ ತಪ್ಪೇ. ನಾನು ಹೇಳಬೇಕಾದ ಮಾತನ್ನ ನೀನೇ ಹೇಳಿಬಿಟ್ಟೆ. ನನಗೆ ಉಳಿದಿದ್ದೇನು, ಬಂದು ಸಹಿ ಹಾಕೋದಾ?"

ಅವಳಿಗೆ ಅಳು ಬಂತು. ಕೋಪಕ್ಕಿಂತ ಆಯಾಸಕ್ಕೇ ಬಂತು. ಆ ಒಂದು ಪ್ರಶ್ನೆಗಾಗಿ ಅವಳು ಎಷ್ಟೋ ದಿನದಿಂದ ಕಾದಿದ್ದಳು. ಈ ಪುಣ್ಯಾತ್ಮ ಪ್ರಶ್ನೆಯನ್ನೇ ನುಂಗಿಹಾಕಿದ್ದ.

ಅವನು ತಾಯಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಅಮ್ಮ, ನಾನು ಸುಳ್ಳು ಹೇಳಿದ್ದೆ. ಅವಳನ್ನ ಇನ್ನೂ ಕೇಳೇ ಇಲ್ಲ."

ಆ ಕಡೆಯಿಂದ ಉದ್ದನೆಯ ನಿಟ್ಟುಸಿರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ಯಲ್ಲೋ. ನಿನ್ನ ಚಿಕ್ಕಮ್ಮನಿಗೆ ಈಗ ಏನಂತ ಹೇಳಲಿ? ಇನ್ನಾದ್ರೂ ಕೇಳು. ನಾನು ಲೈನಲ್ಲೇ ಇರ್ತೀನಿ."

ಅವನು ಕುರ್ಚಿ ತಿರುಗಿಸಿ ಅವಳ ಎದುರು ಕೂತ.

"ನನ್ನ ಮದುವೆ ಆಗ್ತೀಯಾ? ನೀನು ಏನಂತೀಯೋ ನನಗೆ ನಿಜವಾಗಿ ಗೊತ್ತಿಲ್ಲ."

ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೆದರಿ ಕೂತಿದ್ದ. ಆ ಹೆದರಿಕೆಯನ್ನು ಅವಳು ಸಾವಕಾಶವಾಗಿ, ಕಣ್ತುಂಬ ನೋಡಿದಳು. ತನ್ನ ಮಾತಿಗಾಗಿ ಒಬ್ಬರು ಹೀಗೆ ಕಾಯುವುದು ಚೆನ್ನಾಗಿತ್ತು. ಆಮೇಲೆ ಫೋನ್ ಕೈಗೆತ್ತಿಕೊಂಡಳು.

"ಅಮ್ಮ, ನಿಮ್ಮ ಮಗ ಈಗ ಕೇಳಿದ. ನಾನು ಹೂಂ ಅಂದೆ. ಚಿಕ್ಕಮ್ಮನ ನಂಬರ್ ಕೊಡಿ, ಅವರಿಗೆ ನಾನೇ ಹೇಳ್ತೀನಿ."