ಗಿಡ್ಡ ವೈರು

ಭಾವ ತನ್ನ ಸಣ್ಣ ಕಾರ್ಖಾನೆಯಲ್ಲಿ ಮಾಡುವ ಇಸ್ತ್ರಿಪೆಟ್ಟಿಗೆಯ ವ್ಯಾಪಾರ ಮುಳುಗಿದ್ದು ಅವಳ ಕೈಯಿಂದಲೇ. ಕೊಳ್ಳುವವರಿಗೆ ಒಳ್ಳೆಯ ಸಾಮಾನು ಹುಡುಕಿಕೊಡುವ ಒಂದು ಆ್ಯಪಿನ ಆಫೀಸಿನಲ್ಲಿ ಅವಳಿಗೆ ಕೆಲಸ. ಯಾವ ರಿವ್ಯೂ ನಿಜ, ಯಾವುದು ಸುಳ್ಳು ಎಂದು ದಿನವಿಡೀ ಗುರುತು ಹಾಕಿ ಆ್ಯಪಿಗೆ ಕಲಿಸಬೇಕು. ಕಲಿತ ಆ್ಯಪು ಭಾವ ಬರೆಸಿದ್ದ ಹೊಗಳಿಕೆಗಳನ್ನೆಲ್ಲ ಹಿಡಿದುಹಾಕಿ, ಅವನ ಸಾಮಾನನ್ನು ಕಟ್ಟಕಡೆಗೆ ತಳ್ಳಿತು.

"ನಮ್ಮನೇಲೇ ಇದ್ಕೊಂಡು ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲ ತಾಯಿ," ಎಂದ ಭಾವ.

ಅಕ್ಕನ ಕೈಯಲ್ಲೂ ಅದೇ ಇಸ್ತ್ರಿಪೆಟ್ಟಿಗೆ. ಸುಟ್ಟ ಕಲೆಯಿದ್ದ ಸಾಕೆಟ್ಟಿಗೆ ಅಂಟಿಕೊಂಡಂತೆ ಕುಕ್ಕರಗಾಲಲ್ಲಿ ಕೂತು ಅಂಗಿ ತೀಡುತ್ತಿದ್ದಳು. ಕಾರ್ಖಾನೆಯ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಕಾರ್ಖಾನೆ ಮುಚ್ಚಿದರೆ ಮೂವರೂ ಬೀದಿಗೆ.

ತಂಗಿಗೆ ಎಲ್ಲ ಸಾಕಾಗಿತ್ತು. ಆದರೂ ಭಾವನಿಗಾಗಿ ತಾನೇ ಸುಳ್ಳು ರಿವ್ಯೂ ಬರೆಯಲು ಕೂತಳು. ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಳ್ಳು ಬರೆಯುವವರು ಬರೀ ಹೊಗಳುತ್ತಾರೆ. ನಿಜವಾಗಿ ಕೊಂಡವರಿಗೆ ಒಂದಾದರೂ ಕೊಂಕು ತೆಗೆಯದೆ ಸಮಾಧಾನವಿಲ್ಲ. ಅವಳು ಅಜ್ಜಿಯಾದಳು, ಹಾಸ್ಟೆಲಿನ ನರ್ಸಾದಳು, ಹೆಂಡತಿ ತವರಿಗೆ ಹೋದ ಗಂಡನಾದಳು. ಅಜ್ಜಿ ಕಾಗುಣಿತ ತಪ್ಪಿದಳು. ಗಂಡ ಇಸ್ತ್ರಿಗಿಂತ ಹೆಂಡತಿಯ ಬಗ್ಗೆಯೇ ಹೆಚ್ಚು ಬರೆದ. ಒಬ್ಬೊಬ್ಬರಿಗೂ ಬೇರೆ ಫೋನು, ಬೇರೆ ವಾರ. ಆದರೆ ಒಂದೇ ಸಾಮಾನು ಕೊಂಡವರ ದೂರು ಒಂದೇ ಇರಬೇಕಲ್ಲ? ಅಕ್ಕನ ನಿತ್ಯದ ಗೊಣಗಾಟವನ್ನೇ ಎಲ್ಲರ ಬಾಯಲ್ಲೂ ಇಟ್ಟಳು: ಚೆನ್ನಾಗಿ ಕಾಯುತ್ತೆ, ವೈರು ಮಾತ್ರ ಗಿಡ್ಡ. ಅಜ್ಜಿಗೆ ಅದರಿಂದ ಸೊಂಟನೋವು. ಗಂಡನಿಗೆ ಅದು ಮಂಚದ ತನಕ ಬರುವುದಿಲ್ಲ.

ಆ್ಯಪು ಎಲ್ಲರನ್ನೂ ನಂಬಿತು. ಇಸ್ತ್ರಿಪೆಟ್ಟಿಗೆ ಮೇಲೇರಿತು. ಭಾವ ಊಟಕ್ಕೆ ಕೂತಾಗ ಅವಳೊಡನೆ ಮತ್ತೆ ಮಾತಾಡಿದ. ಅವಳಿಗೆ ಬರೀ ನಿದ್ದೆ ಬರುತ್ತಿತ್ತು.

ಒಂದು ಬೆಳಿಗ್ಗೆ ಆಫೀಸಿನ ಸಾರ್ ಭಾವನ ಇಸ್ತ್ರಿಪೆಟ್ಟಿಗೆಯ ಹೊಸ ಡಬ್ಬಿಯೊಂದನ್ನು ಅವಳ ಮೇಜಿನ ಮೇಲಿಟ್ಟರು. "ಎಲ್ಲಾರೂ ಹೊಗಳ್ತಾರೆ ಅಂತ ನನ್ನ ಹೆಂಡ್ತಿ ತರಿಸಿದ್ಲು ಕಣಮ್ಮ." ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿ, ಇಸ್ತ್ರಿಪೆಟ್ಟಿಗೆ ಹಿಡಿದು ನಡೆದರು. ಅವಳ ಮೇಜು ದಾಟಿದರು, ಪಕ್ಕದ ಮೇಜೂ ದಾಟಿ ಕಿಟಕಿಯ ಬಳಿ ನಿಂತರು. ವೈರು ಇನ್ನೂ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. "ಎಲ್ಲಾರ ರಿವ್ಯೂಲೂ ವೈರು ಗಿಡ್ಡ ಅಂತಿದೆ. ಅವತ್ತು ನಿನ್ನ ಬಟ್ಟೆ ತೋಳು ಮುದುಡಿದೆ ಅಂತ ನಾನಂದಾಗ ಏನಂದೆ ನೀನು? ನಮ್ಮನೆ ಇಸ್ತ್ರಿಪೆಟ್ಟಿಗೆ ವೈರು ಗಿಡ್ಡ ಸಾರ್ ಅಂದೆ, ಅಲ್ವಾ?" ಅವಳು ತೋಳನ್ನು ಮುಚ್ಚಿಕೊಂಡಳು. ಮನೆಯ ಆ ಒಂದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಸುಟ್ಟುಹೋದ ದಿನ, ಕರಕಲಾದ ವೈರನ್ನು ಅರ್ಧಕ್ಕೆ ಕತ್ತರಿಸಿ ಹೊಸ ಪ್ಲಗ್ಗು ಹಾಕಿಕೊಟ್ಟವನು ಭಾವನೇ.